ದೀರ್ಘಕಾಲದ ನೋವಿಗೆ ಸಂಗೀತದ ನೆರವು: ಅಳೆಯುವ ಕ್ರಮ ಬದಲಾಗಲಿ ಎಂದು ಎರಡು ವಿಶ್ವವಿದ್ಯಾಲಯಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕುಲಪತಿಗಳು,
ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು

ಮಾನ್ಯ ಕುಲಪತಿಗಳು,
ಕರ್ನಾಟಕ ರಾಜ್ಯ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ, ಮೈಸೂರು

ಮಾನ್ಯರೇ,

ಧಾರವಾಡ ಸೀಮೆಯಲ್ಲಿ ಫಿಜಿಯೋಥೆರಪಿಸ್ಟ್ ಆಗಿರುವ ನಾನು ಸೊಂಟ ನೋವು, ಮಂಡಿ ನೋವು, ಸಂಧಿವಾತ, ನರದ ನೋವುಗಳನ್ನು ವರ್ಷಗಟ್ಟಲೆ ಹೊತ್ತುಕೊಂಡೇ ಬದುಕುತ್ತಿರುವವರ ನಡುವೆ ಕೆಲಸ ಮಾಡುತ್ತೇನೆ. ಇವರಲ್ಲಿ ಅನೇಕರಿಗೆ ಸಂಗೀತದಿಂದ ಉಪಕಾರವಾಗುತ್ತದೆ ಎಂಬುದು ನನ್ನ ನಂಬಿಕೆ. ಆದರೆ ಆ ಉಪಕಾರ ಎಷ್ಟು, ಯಾರಿಗೆ, ಎಷ್ಟು ದಿನ ಉಳಿಯುವಂಥದ್ದು ಎಂದು ಯಾರಾದರೂ ಕೇಳಿದರೆ ಗಟ್ಟಿಯಾಗಿ ಉತ್ತರ ಹೇಳಲು ಬೇಕಾದ ಆಧಾರ ನಮ್ಮ ನಾಡಿನ ಸಂಶೋಧನೆಯಿಂದ ಸಿಗುತ್ತಿಲ್ಲ. ಆರೋಗ್ಯ ವಿಜ್ಞಾನದ ಸ್ನಾತಕೋತ್ತರ ಪ್ರಬಂಧಗಳು ತಮ್ಮಲ್ಲಿ ಒಂದು ವಿಶ್ವವಿದ್ಯಾಲಯದಲ್ಲಿ ನೋಂದಣಿಯಾಗುತ್ತವೆ, ಸಂಗೀತ ಬಲ್ಲ ತರುಣರು ಇನ್ನೊಂದರಲ್ಲಿ ತಯಾರಾಗುತ್ತಾರೆ. ಈ ಎರಡು ಕಡೆಯವರು ಒಟ್ಟಿಗೆ ಕೂತು ಅಳತೆಯ ಒಂದು ಸಮಾನ ಕ್ರಮವನ್ನು ಗೊತ್ತುಮಾಡಿದರೆ ಈ ಕೊರತೆ ನೀಗುತ್ತದೆ ಎಂದು ನನಗೆ ತೋರುವುದರಿಂದ, ತಮ್ಮಿಬ್ಬರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ನೋವಿನಲ್ಲಿರುವವರೂ ಅವರ ಮನೆಯವರೂ ಓದಲಿ ಎಂದು ಇದನ್ನು ಬಹಿರಂಗವಾಗಿಯೇ ಇಡುತ್ತಿದ್ದೇನೆ.

ನರ್ಸಿಂಗ್ ಮತ್ತು ಫಿಜಿಯೋಥೆರಪಿ ವಿದ್ಯಾರ್ಥಿಗಳಿಗೆ ‘ನೋವಿನ ಮೇಲೆ ಸಂಗೀತದ ಪರಿಣಾಮ’ ಎಂಬ ವಿಷಯ ಹೊಸದಲ್ಲ. ನಮ್ಮ ರಾಜ್ಯದಲ್ಲಿಯೂ ಹೊರಗೂ ಅದು ಮೆಚ್ಚಿನ ವಿಷಯವೇ. ಬಹಳಷ್ಟು ಸಲ ಅಧ್ಯಯನದ ರೂಪ ಹೀಗಿರುತ್ತದೆ: ವಾರ್ಡಿನಲ್ಲೋ ಒಪಿಡಿಯಲ್ಲೋ ಇರುವ ಕೆಲವರನ್ನು ಆರಿಸಿಕೊಂಡು, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ ಎಂದು ಕೇಳಿ ಬರೆದುಕೊಳ್ಳುತ್ತಾರೆ, ಇಪ್ಪತ್ತು ಮೂವತ್ತು ನಿಮಿಷ ಇಯರ್‌ಫೋನಿನಲ್ಲಿ ಒಂದು ರಾಗ ಕೇಳಿಸುತ್ತಾರೆ, ಆಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. ಮೊದಲಿನ ಸರಾಸರಿಗಿಂತ ಎರಡನೆಯ ಸರಾಸರಿ ಕಡಿಮೆ ಬರುತ್ತದೆ, ಸಂಖ್ಯಾಶಾಸ್ತ್ರದ ಒಂದು ಪರೀಕ್ಷೆ ಅದನ್ನು ‘ಗಣನೀಯ’ ಎನ್ನುತ್ತದೆ, ಸಂಗೀತ ಚಿಕಿತ್ಸೆ ಪರಿಣಾಮಕಾರಿ ಎಂಬ ತೀರ್ಮಾನದೊಂದಿಗೆ ಪ್ರಬಂಧ ಮುಗಿಯುತ್ತದೆ. ವಿದ್ಯಾರ್ಥಿಯ ಶ್ರಮದಲ್ಲಿ ಕೊರತೆಯಿಲ್ಲ, ಪ್ರಾಮಾಣಿಕತೆಯಲ್ಲೂ ಕೊರತೆಯಿಲ್ಲ. ಕೊರತೆಯಿರುವುದು ನಾವು ಹಿರಿಯರು ಆ ವಿದ್ಯಾರ್ಥಿಯ ಕೈಗೆ ಕೊಟ್ಟ ಅಳತೆಯ ಕ್ರಮದಲ್ಲಿ.

ದೀರ್ಘಕಾಲದ ನೋವು ದಿನವೂ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಅದು ಏರುತ್ತದೆ, ಇಳಿಯುತ್ತದೆ, ಚಳಿಗಾಲದಲ್ಲಿ ಒಂದು ಬಗೆ, ಮದುವೆ ಮನೆಯ ಓಡಾಟದ ಮರುದಿನ ಇನ್ನೊಂದು ಬಗೆ. ರೋಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಸಾಮಾನ್ಯವಾಗಿ ನೋವು ಅತಿಯಾದಾಗ. ಆ ದಿನ ಅಳೆದು ಕೆಲವು ದಿನ ಬಿಟ್ಟು ಮತ್ತೆ ಅಳೆದರೆ, ನಡುವೆ ಯಾವ ಚಿಕಿತ್ಸೆಯನ್ನೂ ಕೊಡದಿದ್ದರೂ ಅಂಕಿ ಇಳಿದಿರುವ ಸಂಭವವೇ ಹೆಚ್ಚು. ಫ್ರಾನ್ಸಿಸ್ ಗಾಲ್ಟನ್ ಅವರು 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಹೋಲಿಸುವಾಗ ಕಂಡುಕೊಂಡ, ಸರಾಸರಿಯತ್ತ ಮರಳುವ ಈ ಪ್ರವೃತ್ತಿ ನೋವಿನ ಅಂಕಿಗಳಲ್ಲಿಯೂ ತಪ್ಪದೆ ಕಾಣುತ್ತದೆ. ಹೋಲಿಸಲು ಇನ್ನೊಂದು ಗುಂಪು ಇಲ್ಲದ ಅಧ್ಯಯನದಲ್ಲಿ ತಾನಾಗಿ ಇಳಿದದ್ದು ಎಷ್ಟು, ಸಂಗೀತದಿಂದ ಇಳಿದದ್ದು ಎಷ್ಟು ಎಂದು ಬೇರ್ಪಡಿಸುವ ದಾರಿಯೇ ಇರುವುದಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದದ್ದು ಮುಲಾಜಿನ ಪ್ರಶ್ನೆ. ನಮ್ಮಲ್ಲಿ ಚಿಕಿತ್ಸೆಗೆ ಬರುವ ಹಿರಿಯರು, ಅದರಲ್ಲೂ ಹಳ್ಳಿಯಿಂದ ಬರುವ ತಾಯಂದಿರು, ತಮಗಾಗಿ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ಹಾಡು ಕೇಳಿಸಿದ ಹುಡುಗಿಗೆ ‘ಏನೂ ಕಡಿಮೆ ಆಗಲಿಲ್ಲ’ ಎಂದು ಹೇಳಲಾರರು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದ ಒಬ್ಬ ಅಜ್ಜಿಯವರನ್ನು ಹೀಗೆ ಸಂಗೀತ ಕೇಳಿಸಿದ ಒಂದು ಸಲದ ಕೊನೆಗೆ ನೋಡಿದ್ದೇನೆ. ಕೇಳಿದ ವಿದ್ಯಾರ್ಥಿನಿಗೆ ಅವರು ನಗುತ್ತಲೇ ‘ಭಾಳ ಕಡಿಮಿ ಆತವ್ವಾ, ನಿನ್ನ ಹೊಟ್ಟಿ ತಣ್ಣಗಿರಲಿ’ ಎಂದರು. ವಿದ್ಯಾರ್ಥಿನಿ ಏಳಿದ್ದದ್ದನ್ನು ಮೂರು ಎಂದು ಬರೆದುಕೊಂಡರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಸೊಸೆಗೆ ಅದೇ ಅಜ್ಜಿ ಹೇಳಿದ್ದು, ಚಪ್ಪಲಿ ನೀನೇ ಹಾಕು, ಬೆರಳು ಬಾಗವಲ್ಲವು ಎಂದು. ಎರಡೂ ಮಾತು ನಿಜವೇ ಇರಬಹುದು. ಹಾಡು ಕೇಳುವಾಗ ಅವರ ಮನಸ್ಸಿಗೆ ಹಿತವಾದದ್ದು ಸುಳ್ಳಲ್ಲ. ಆದರೆ ಪ್ರಬಂಧಕ್ಕೆ ಸೇರಿದ್ದು ಮೊದಲನೆಯ ಮಾತು ಮಾತ್ರ. ಅಳೆಯುವವರು ಮತ್ತು ಚಿಕಿತ್ಸೆ ಕೊಡುವವರು ಒಬ್ಬರೇ ಆಗಿರುವವರೆಗೆ, ನಾವು ಅಳೆಯುತ್ತಿರುವುದು ನೋವನ್ನೋ ನಮ್ಮ ಜನರ ಒಳ್ಳೆಯತನವನ್ನೋ ಹೇಳುವುದು ಕಷ್ಟ.

ಮೂರನೆಯ ತೊಡಕು ಕಾಲದ್ದು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಅದಕ್ಕೆ ತನ್ನದೇ ಆದ ಸಂಕೇತವೂ ಸಿಕ್ಕಿತು. ತಿಂಗಳುಗಳ ಲೆಕ್ಕದಲ್ಲಿ ಗುರುತಿಸುವ ಒಂದು ಸ್ಥಿತಿಗೆ ನೆರವಾಯಿತೇ ಎಂಬುದನ್ನು ಅರ್ಧ ಗಂಟೆಯ ಲೆಕ್ಕದಲ್ಲಿ ತೀರ್ಮಾನಿಸುವುದು ಸರಿಯಾಗಲಾರದು. ಹಾಡು ನಿಂತ ಮೇಲೆ ಸಂಜೆಗೆ ಏನಾಯಿತು, ರಾತ್ರಿ ನಿದ್ದೆ ಬಂತೇ, ಮುಂದಿನ ವಾರ ಹೊಲಕ್ಕೆ ಹೋದರೇ, ಎರಡು ತಿಂಗಳ ಮೇಲೂ ಆ ಹಾಡನ್ನು ಕೇಳುತ್ತಿದ್ದಾರೆಯೇ ಎಂಬುದನ್ನು ತಿಳಿಯದೆ ನಾವು ಏನನ್ನೂ ತಿಳಿದಂತಾಗುವುದಿಲ್ಲ.

ಶಸ್ತ್ರಚಿಕಿತ್ಸೆಯ ಸುತ್ತಮುತ್ತಲಿನ ನೋವಿನ ಬಗ್ಗೆ ಜಗತ್ತಿನಲ್ಲಿ ಸಾಕಷ್ಟು ಕೆಲಸವಾಗಿದೆ. 2015ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ವಿಮರ್ಶೆ 73 ಯಾದೃಚ್ಛಿಕ ಪರೀಕ್ಷೆಗಳನ್ನು, ಅಂದರೆ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ಹಂಚಿ ನಡೆಸಿದ ಪರೀಕ್ಷೆಗಳನ್ನು, ಒಟ್ಟುಗೂಡಿಸಿ, ಸಂಗೀತ ಕೇಳಿದವರಲ್ಲಿ ಶಸ್ತ್ರಚಿಕಿತ್ಸೆಯ ನಂತರದ ನೋವು, ಆತಂಕ, ನೋವಿನ ಔಷಧದ ಬಳಕೆ ಮೂರೂ ಕಡಿಮೆಯಾಗಿದ್ದವು ಎಂದು ತೋರಿಸಿತು. ಅದಕ್ಕೂ ಮುಂಚೆ 2006ರಲ್ಲಿ, ಚಿಕಿತ್ಸೆಗಳ ಆಧಾರಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಗಾಗಿ ನಡೆದ, 51 ಅಧ್ಯಯನಗಳ ವಿಮರ್ಶೆಯಲ್ಲಿ ನೋವಿನ ಇಳಿಕೆ ಹತ್ತರಲ್ಲಿ ಸರಾಸರಿ ಅರ್ಧ ಅಂಕದಷ್ಟು ಮಾತ್ರ ಎಂದು ಬಂದಿತ್ತು. ಉಪಯೋಗವಿದೆ, ಆದರೆ ಚಿಕ್ಕದು ಎಂಬುದು ಅದರ ಧ್ವನಿ. ದೀರ್ಘಕಾಲದ ನೋವಿಗೆ ಬಂದರೆ ಕೆಲಸ ತೆಳುವಾಗುತ್ತದೆ. 2017ರಲ್ಲಿ ಎಡ್ವರ್ಡೊ ಗಾರ್ಸಾ-ವಿಯಾರ್ರಿಯಲ್ ಮತ್ತು ಸಂಗಡಿಗರು ಪ್ರಕಟಿಸಿದ ವಿಮರ್ಶೆಗೆ ಯೋಗ್ಯವೆಂದು ಸಿಕ್ಕಿದ್ದು 14 ಪರೀಕ್ಷೆಗಳು. ಅವುಗಳಲ್ಲಿ ನೋವೂ ಖಿನ್ನತೆಯೂ ಇಳಿದಿದ್ದವು. ರೋಗಿಯೇ ಆರಿಸಿಕೊಂಡ ಸಂಗೀತ, ಸಂಶೋಧಕರು ಆರಿಸಿಕೊಟ್ಟ ಸಂಗೀತಕ್ಕಿಂತ ಹೆಚ್ಚು ಕೆಲಸ ಮಾಡಿತ್ತು. ಈ ಕೊನೆಯ ಅಂಶವನ್ನು ತಾವು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ, ಇದಕ್ಕೆ ಮತ್ತೆ ಬರುತ್ತೇನೆ.

ಸಂಗೀತ ನೋವನ್ನು ತಾಕುವುದು ಹೇಗೆ ಎಂಬುದು ಈಗ ಬರಿಯ ಊಹೆಯ ಮಾತಾಗಿ ಉಳಿದಿಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಅವರು, ಗಾಯದಿಂದ ಹೊರಟ ಸಂದೇಶ ಮಿದುಳನ್ನು ಹಾಗೆಹಾಗೆಯೇ ಮುಟ್ಟುವುದಿಲ್ಲ, ಬೆನ್ನುಹುರಿಯಲ್ಲಿಯೇ ಅದನ್ನು ಬಿಡುವ ತಡೆಯುವ ವ್ಯವಸ್ಥೆಯಿದೆ, ಅದರ ಮೇಲೆ ಮಿದುಳಿನ ಗಮನ, ಭಯ, ನೆನಪುಗಳ ಪ್ರಭಾವವೂ ಇದೆ ಎಂದು ಪ್ರತಿಪಾದಿಸಿದರು. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯೂ ನೋವನ್ನು ಸಂವೇದನೆ ಮತ್ತು ಭಾವನೆ ಎರಡೂ ಕೂಡಿದ ಅನುಭವ ಎಂದೇ ಕರೆಯುತ್ತದೆ. ಹೀಗಿರುವಾಗ ಸಂಗೀತದ ಉಪಕಾರ ನೋವಿನ ತೀವ್ರತೆಯ ಒಂದೇ ಅಂಕಿಯಲ್ಲಿ ಕಾಣಬೇಕು ಎಂದು ಹಟ ಹಿಡಿಯುವುದೇಕೆ? ತೀವ್ರತೆ ಏಳರಿಂದ ಆರಕ್ಕೆ ಮಾತ್ರ ಇಳಿದಿದ್ದರೂ, ರಾತ್ರಿ ನಾಲ್ಕು ಸಲ ಏಳುತ್ತಿದ್ದವರು ಒಂದೇ ಸಲ ಏಳುವಂತಾಗಿದ್ದರೆ ಆ ಮನೆಯ ಬದುಕೇ ಬದಲಾಗಿರುತ್ತದೆ. ನಮ್ಮ ಈಗಿನ ಅಳತೆಗೆ ಅದು ಕಾಣುವುದೇ ಇಲ್ಲ.

ಆದ್ದರಿಂದ ಮೊದಲ ಬದಲಾವಣೆ ಏನನ್ನು ಅಳೆಯಬೇಕು ಎಂಬುದರಲ್ಲಿಯೇ ಆಗಬೇಕು. ಇದಕ್ಕೆ ಹೊಸ ಉಪಕರಣ ಹುಡುಕಬೇಕಾಗಿಲ್ಲ. ಚಾರ್ಲ್ಸ್ ಕ್ಲೀಲ್ಯಾಂಡ್ ಅವರು ಮೂಲತಃ ಕ್ಯಾನ್ಸರ್ ರೋಗಿಗಳಿಗಾಗಿ ರೂಪಿಸಿದ ‘ಬ್ರೀಫ್ ಪೇನ್ ಇನ್ವೆಂಟರಿ’ ಎಂಬ ಪ್ರಶ್ನಾವಳಿ ನೋವಿನ ತೀವ್ರತೆಯ ಜೊತೆಗೆ ಏಳು ಸಂಗತಿಗಳನ್ನು ವಿಚಾರಿಸುತ್ತದೆ: ದಿನದ ಚಟುವಟಿಕೆ, ಮನಸ್ಸಿನ ಸ್ಥಿತಿ, ನಡಿಗೆ, ಮನೆಯೊಳಗಿನ ಹೊರಗಿನ ಕೆಲಸ, ಇತರರೊಂದಿಗಿನ ಸಂಬಂಧ, ನಿದ್ದೆ, ಬದುಕಿನಲ್ಲಿ ಕಾಣುವ ಸಂತೋಷ. ಇವುಗಳಿಗೆ ನೋವು ಎಷ್ಟು ಅಡ್ಡಿ ಮಾಡಿದೆ ಎಂಬುದು ಅಲ್ಲಿಯ ಪ್ರಶ್ನೆ. ಜನಜಂಗುಳಿಯ ಒಪಿಡಿಯಲ್ಲಿ ಅಷ್ಟು ಕೇಳಲು ಪುರುಸೊತ್ತಿಲ್ಲದಿದ್ದರೆ, 2009ರಲ್ಲಿ ಇದರಿಂದಲೇ ಆಯ್ದು ರೂಪಿಸಿದ ಮೂರೇ ಪ್ರಶ್ನೆಗಳ ‘ಪೆಗ್’ ಮಾಪನವಿದೆ. ಎರಡು ನಿಮಿಷದಲ್ಲಿ ಮುಗಿಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1995ರಲ್ಲಿ ಕೆನಡಾದ ಪಾಲ್ ಸ್ಟ್ರಾಟ್‌ಫರ್ಡ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಕ್ರಮ. ಅದರಲ್ಲಿ ಸಿದ್ಧ ಪಟ್ಟಿಯೇ ಇಲ್ಲ. ನೋವಿನಿಂದಾಗಿ ಮಾಡಲು ಕಷ್ಟವಾಗಿರುವ ಕೆಲವು ಕೆಲಸಗಳನ್ನು ರೋಗಿಯೇ ಹೆಸರಿಸಿ, ಪ್ರತಿಯೊಂದಕ್ಕೂ ಸೊನ್ನೆಯಿಂದ (ಮಾಡಲು ಆಗುವುದೇ ಇಲ್ಲ) ಹತ್ತರವರೆಗೆ (ಮೊದಲಿನಂತೆಯೇ ಮಾಡಬಲ್ಲೆ) ಅಂಕ ಕೊಡುತ್ತಾರೆ, ಮುಂದಿನ ಭೇಟಿಯಲ್ಲಿ ಅವೇ ಕೆಲಸಗಳಿಗೆ ಮತ್ತೆ ಅಂಕ ಕೊಡುತ್ತಾರೆ. ನಮ್ಮ ಕಡೆ ಹೀಗೆ ಕೇಳಿದಾಗ ಬರುವ ಉತ್ತರಗಳು ಯಾವ ಅಂತರರಾಷ್ಟ್ರೀಯ ಪ್ರಶ್ನಾವಳಿಯಲ್ಲೂ ಸಿಗುವುದಿಲ್ಲ. ಒಲೆಯ ಮುಂದೆ ಕೂತು ಹತ್ತು ಜೋಳದ ರೊಟ್ಟಿ ಬಡಿದು ಏಳುವುದು, ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತುವುದು, ಭಜನೆಯಲ್ಲಿ ಚಕ್ಕಳಮಕ್ಕಳ ಹಾಕಿ ಮಂಗಳಾರತಿಯವರೆಗೂ ಕೂರುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು. ಎಂಟು ವಾರ ಸಂಗೀತದ ನೆರವು ಪಡೆದ ಮೇಲೆ ರೊಟ್ಟಿ ಬಡಿಯುವ ಅಂಕ ಎರಡರಿಂದ ಐದಕ್ಕೆ ಬಂದಿದ್ದರೆ, ಆ ಮನೆಯವರಿಗೆ ಅದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಬಾಯಿಮಾತಿನ ಅಂಕಿಗಳ ಜೊತೆಗೆ ಕಣ್ಣಿಗೆ ಕಾಣುವ ಒಂದಾದರೂ ಅಳತೆ ಇರಬೇಕು. 2014ರಲ್ಲಿ ಫೈಬ್ರೊಮಯಾಲ್ಜಿಯ ಎಂಬ, ಮೈಯೆಲ್ಲ ನೋಯುವ ಕಾಯಿಲೆಯಿದ್ದ 22 ಜನರ ಮೇಲೆ ನಡೆದ ಒಂದು ಪುಟ್ಟ ಅಧ್ಯಯನವನ್ನು ಇಲ್ಲಿ ನೆನೆಯುತ್ತೇನೆ. ಅವರು ತಾವೇ ಆರಿಸಿಕೊಂಡ ಹಿತವಾದ, ನಿಧಾನಗತಿಯ ಸಂಗೀತ ಕೇಳುವ ಮೊದಲೂ ಕೇಳಿದ ನಂತರವೂ, ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಸಂಶೋಧಕರು ಅಳೆದರು. ಹೋಲಿಕೆಗೆ ಸಂಗೀತದ ಬದಲು ಏಕತಾನದ ಸದ್ದನ್ನು ಕೇಳಿಸಿದರು. ಸಂಗೀತದ ನಂತರ ನೋವು ಇಳಿದಿತ್ತು, ನಡಿಗೆಯೂ ಚುರುಕಾಗಿತ್ತು. ಅಧ್ಯಯನ ಚಿಕ್ಕದು, ಕಾಲವೂ ಚಿಕ್ಕದು. ಆದರೂ ಅಳತೆಯ ಆಯ್ಕೆಯಲ್ಲಿ ಅದು ನಮಗೆ ಮಾದರಿಯಾಗಬಲ್ಲದು. ಒಂದು ಕುರ್ಚಿ, ನೆಲದ ಮೇಲೆ ಬಣ್ಣದ ಟೇಪಿನ ಒಂದು ಗೆರೆ, ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಯಾವ ತಾಲ್ಲೂಕು ಆಸ್ಪತ್ರೆಯಲ್ಲಾದರೂ ಇದನ್ನು ಮಾಡಬಹುದು. ದಿನಕ್ಕೆ ಎಷ್ಟು ನೋವಿನ ಗುಳಿಗೆ ನುಂಗಿದರು ಎಂಬ ಲೆಕ್ಕವನ್ನೂ ಇದರ ಜೊತೆಗೆ ಇಡಲೇಬೇಕು. ಸಂಗೀತ ಕೇಳುತ್ತಿದ್ದ ಅವಧಿಯಲ್ಲಿ ವೈದ್ಯರು ಔಷಧದ ಪ್ರಮಾಣ ಹೆಚ್ಚಿಸಿದ್ದರೆ ಇಳಿದ ನೋವಿನ ಶ್ರೇಯಸ್ಸು ಯಾರದ್ದು ಎಂದು ಹೇಳಲಾಗದು. ಹಾಗೆಯೇ ನೋವಿನ ಅಂಕಿ ಇದ್ದಲ್ಲೇ ಇದ್ದು ಗುಳಿಗೆಗಳು ಅರ್ಧಕ್ಕೆ ಇಳಿದಿದ್ದರೆ ಅದು ದೊಡ್ಡ ಲಾಭ. ಮೂತ್ರಪಿಂಡ, ಜಠರಗಳ ದೃಷ್ಟಿಯಿಂದ ನೋಡುವ ಯಾವ ವೈದ್ಯರಾದರೂ ಇದನ್ನು ಒಪ್ಪುತ್ತಾರೆ.

ಎಷ್ಟು ಇಳಿದರೆ ಇಳಿದಂತೆ ಎಂಬ ಪ್ರಶ್ನೆಗೂ ಉತ್ತರವಿದೆ. 2001ರಲ್ಲಿ ಜಾನ್ ಫರಾರ್ ಮತ್ತು ಸಂಗಡಿಗರು ದೀರ್ಘಕಾಲದ ನೋವಿನ ಮೇಲೆ ನಡೆದಿದ್ದ 10 ಔಷಧ ಪರೀಕ್ಷೆಗಳ 2,724 ಜನರ ಮಾಹಿತಿಯನ್ನು ಜಾಲಾಡಿ, ಹತ್ತರ ಮಾಪನದಲ್ಲಿ ಸುಮಾರು ಎರಡು ಅಂಕ ಅಥವಾ ಮೊದಲಿದ್ದ ನೋವಿನ ಶೇ. 30ರಷ್ಟು ಇಳಿಕೆಯಾದಾಗ ರೋಗಿಗಳು ತಾವಾಗಿಯೇ ‘ಸಾಕಷ್ಟು ಸುಧಾರಿಸಿದೆ’ ಎನ್ನುತ್ತಾರೆ ಎಂದು ಕಂಡುಕೊಂಡರು. ಆದ್ದರಿಂದ ಗುಂಪಿನ ಸರಾಸರಿ ಇಳಿಯಿತು ಎಂದಷ್ಟೇ ಬರೆದು ನಿಲ್ಲಿಸದೆ, ಎಷ್ಟು ಜನರಿಗೆ ಶೇ. 30ರಷ್ಟಾದರೂ ಇಳಿಯಿತು, ಎಷ್ಟು ಜನರಿಗೆ ಏನೂ ಆಗಲಿಲ್ಲ, ಯಾರಿಗಾದರೂ ಹೆಚ್ಚಾಯಿತೇ ಎಂದು ತಲೆ ಎಣಿಸಿ ಬರೆಯುವುದನ್ನು ಕಡ್ಡಾಯ ಮಾಡಬೇಕು. ಸರಾಸರಿಯೊಳಗೆ ಮನುಷ್ಯರು ಕಾಣದಂತಾಗುತ್ತಾರೆ. ಸಂಗೀತದಿಂದ ಬಹಳ ಉಪಕಾರವಾದ ಐದು ಜನರೂ ಏನೂ ಆಗದ ಹದಿನೈದು ಜನರೂ ಸೇರಿ ‘ಅಲ್ಪ ಪರಿಣಾಮ’ ಎಂಬ ಒಂದು ಸಾಲಾಗಿಬಿಟ್ಟರೆ, ಆ ಐದು ಜನ ಯಾರು, ಅವರಿಗೇ ಏಕೆ ಉಪಕಾರವಾಯಿತು ಎಂಬ ನಿಜವಾದ ಪ್ರಶ್ನೆ ಹುಟ್ಟುವುದೇ ಇಲ್ಲ.

ಈಗ ಸಂಗೀತದ ಮಾತು. ‘ಸಂಗೀತ ಚಿಕಿತ್ಸೆ ಕೊಡಲಾಯಿತು’ ಎಂದು ಬರೆದ ವರದಿಗಳಲ್ಲಿ ಯಾವ ರಾಗ, ಯಾರ ಹಾಡಿಕೆ, ಗಾಯನವೋ ಕೊಳಲೋ, ಯಾವ ಗತಿ, ಎಷ್ಟು ಹೊತ್ತು, ಎಷ್ಟು ಜೋರು, ಯಾರು ಆರಿಸಿದ್ದು ಎಂಬ ವಿವರ ಎಷ್ಟೋ ಸಲ ಇರುವುದೇ ಇಲ್ಲ. ಒಂದು ಔಷಧದ ಪರೀಕ್ಷೆಯಲ್ಲಿ ‘ಗುಳಿಗೆ ಕೊಡಲಾಯಿತು’ ಎಂದಷ್ಟೇ ಬರೆದರೆ ನಾವು ಒಪ್ಪುತ್ತೇವೆಯೇ? ಶೆರಿ ರಾಬ್ ಮತ್ತು ಸಂಗಡಿಗರು 2011ರಲ್ಲಿಯೇ ಸಂಗೀತಾಧಾರಿತ ಅಧ್ಯಯನಗಳನ್ನು ವರದಿ ಮಾಡಲು ಮಾರ್ಗಸೂಚಿ ಪ್ರಕಟಿಸಿದ್ದಾರೆ. ನಮ್ಮ ರಾಗ, ತಾಳ, ಶ್ರುತಿ, ಕಾಲಗಳಿಗೆ ಹೊಂದುವಂತೆ ಅದನ್ನು ಬೆಳೆಸುವ ಕೆಲಸ ಸಂಗೀತ ವಿಶ್ವವಿದ್ಯಾಲಯದ್ದೇ ಆಗಬೇಕು. ನಮ್ಮಂಥ ವೈದ್ಯಕೀಯ ವೃತ್ತಿಯವರಿಗೆ ಆ ವಿದ್ಯೆಯಿಲ್ಲ.

ಜೊತೆಗೆ, ಎರಡು ಬೇರೆ ಬೇರೆ ಕೆಲಸಗಳನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ. ಧ್ವನಿಮುದ್ರಿಸಿದ ಸಂಗೀತವನ್ನು ನರ್ಸ್ ಅಥವಾ ವಿದ್ಯಾರ್ಥಿ ರೋಗಿಗೆ ಕೇಳಿಸುವುದು ಒಂದು. ತರಬೇತಾದ ಚಿಕಿತ್ಸಕರು ರೋಗಿಯೊಂದಿಗೆ ವಾರವಾರವೂ ಕೂತು, ಅವರ ಉಸಿರು, ಧ್ವನಿ, ನೆನಪು, ಅಳಲು ಎಲ್ಲವನ್ನೂ ತೆಗೆದುಕೊಂಡು ಹಾಡುತ್ತ ಹಾಡಿಸುತ್ತ ಮುಂದುವರಿಯುವುದು ಇನ್ನೊಂದು. ಅಮೆರಿಕದ ಫಿಲಡೆಲ್ಫಿಯದಲ್ಲಿ ಜೋಕ್ ಬ್ರಾಟ್ ಮತ್ತು ಅವರ ತಂಡ ಮಾಡಿದ್ದು ಎರಡನೆಯದನ್ನು. ದೀರ್ಘಕಾಲದ ನೋವಿದ್ದವರನ್ನು ಎಂಟು ವಾರಗಳ ಗುಂಪು ಗಾಯನಕ್ಕೆ ಸೇರಿಸಿ, ತಮ್ಮ ಸರದಿಗಾಗಿ ಕಾಯುತ್ತಿದ್ದವರೊಂದಿಗೆ ಹೋಲಿಸಿ, 2016ರಲ್ಲಿ ವರದಿ ಪ್ರಕಟಿಸಿದರು. ಅವರು ನೋವಿನ ತೀವ್ರತೆಗೆ ನಿಲ್ಲದೆ, ನೋವನ್ನು ನಿಭಾಯಿಸಬಲ್ಲೆ ಎಂಬ ಭರವಸೆ, ಖಿನ್ನತೆ, ನಾಲ್ಕು ಜನರೊಂದಿಗೆ ಬೆರೆಯುವ ಸಾಮರ್ಥ್ಯ ಇವನ್ನೂ ಅಳೆದರು. ಗುಂಪಾಗಿ ಹಾಡುವುದು ಏನನ್ನು ಕೊಡಬಹುದೋ ಅದನ್ನೇ ಅಳೆದರು ಎಂಬುದು ಆ ಕೆಲಸದ ಹೆಚ್ಚುಗಾರಿಕೆ. ಉತ್ತರ ಕರ್ನಾಟಕದ ಊರೂರಲ್ಲಿ ಭಜನಾ ಮಂಡಳಿಗಳಿವೆ, ತತ್ವಪದ ಹಾಡುವವರಿದ್ದಾರೆ, ಮಠಗಳಲ್ಲಿ ವಚನ ಗಾಯನ ನಡೆಯುತ್ತದೆ. ನೋವಿನಿಂದ ಮನೆಯ ಮೂಲೆ ಹಿಡಿದವರನ್ನು ಆ ಗುಂಪಿಗೆ ಮರಳಿ ಕರೆತಂದರೆ ಏನಾಗುತ್ತದೆ ಎಂಬುದನ್ನು ಇಷ್ಟೇ ಶಿಸ್ತಿನಿಂದ ಅಳೆಯುವ ಅವಕಾಶ ನಮಗಿದೆ.

ಇಲ್ಲಿ ಒಂದು ಮಾತನ್ನು ಸಂಗೀತ ಬಲ್ಲವರ ಕ್ಷಮೆ ಕೋರಿ ಹೇಳಬೇಕಾಗಿದೆ. ಇಂಥ ರಾಗ ಇಂಥ ರೋಗಕ್ಕೆ ಮದ್ದು ಎಂಬ ಪಟ್ಟಿಗಳು ಬಹಳ ಕಾಲದಿಂದ ಚಲಾವಣೆಯಲ್ಲಿವೆ. ರಾಗಗಳು ಭಾವವನ್ನು ಕದಲಿಸುವ ರೀತಿಯ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಆ ಪಟ್ಟಿಗಳನ್ನು ಪರೀಕ್ಷಿಸದೆಯೇ ಆಸ್ಪತ್ರೆಗೆ ತರುವುದನ್ನು ಒಪ್ಪಲಾರೆ. ರೋಗಿಯೇ ಆರಿಸಿದ ಸಂಗೀತ ಹೆಚ್ಚು ನೆರವಾಗುತ್ತದೆ ಎಂದು ಈಗಿರುವ ಆಧಾರಗಳು ಸೂಚಿಸುತ್ತಿರುವಾಗ, ಸವದತ್ತಿ ಎಲ್ಲಮ್ಮನ ಹಾಡಿನಲ್ಲಿ ಬೆಳೆದ ಹೆಂಗಸಿಗೆ ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ಶಾಸ್ತ್ರೀಯ ವೀಣಾವಾದನವನ್ನೇ ಕೇಳಿಸುವುದು ಅವರಿಗೂ ವೀಣೆಗೂ ನ್ಯಾಯವಲ್ಲ. ಪಟ್ಟಿಯ ರಾಗ ಒಂದು ಗುಂಪಿಗೆ, ಸ್ವಂತ ಆಯ್ಕೆಯ ಹಾಡು ಇನ್ನೊಂದು ಗುಂಪಿಗೆ ಎಂದು ಚೀಟಿ ಎತ್ತಿ ಹಂಚಿ ನೋಡಿದರೆ ಈ ವಾದ ಸುಲಭವಾಗಿ ತೀರುತ್ತದೆ. ಫಲಿತಾಂಶ ಯಾವ ಕಡೆಗೆ ಬಂದರೂ ನಾನು ಸ್ವಾಗತಿಸುತ್ತೇನೆ.

ಹೋಲಿಕೆಯ ಗುಂಪಿಗೆ ಏನು ಕೊಡಬೇಕು ಎಂಬುದು ಇಡೀ ಅಧ್ಯಯನದ ಜೀವಾಳ. ಏನೂ ಕೊಡದ ಗುಂಪಿನೊಂದಿಗೆ ಹೋಲಿಸಿದರೆ, ಪಕ್ಕದಲ್ಲಿ ಒಬ್ಬರು ಕೂತು ವಿಚಾರಿಸಿಕೊಂಡದ್ದರ ಫಲವೂ ಸಂಗೀತದ ಖಾತೆಗೆ ಜಮೆಯಾಗುತ್ತದೆ. ಅಷ್ಟೇ ಹೊತ್ತು ಕೂತು ಮಾತಾಡುವುದು, ಅಥವಾ ಕಥೆ ಓದಿ ಹೇಳುವುದು, ಇನ್ನೊಂದು ಗುಂಪಿಗೆ ಇರಬೇಕು. ಸಂಗೀತ ಕೇಳುತ್ತಿದ್ದೇನೆ ಎಂಬುದು ರೋಗಿಗೆ ಗೊತ್ತಾಗದಂತೆ ಮಾಡುವುದು ಅಸಾಧ್ಯ. ಆದರೆ ಅಂಕ ಬರೆದುಕೊಳ್ಳುವವರಿಗೆ ಯಾರು ಯಾವ ಗುಂಪು ಎಂಬುದು ತಿಳಿಯದಂತೆ ಮಾಡುವುದು ಕಷ್ಟವಲ್ಲ. ಮುಲಾಜಿನ ಪ್ರಶ್ನೆಯೂ ಅದರಿಂದ ಬಹುಮಟ್ಟಿಗೆ ಬಗೆಹರಿಯುತ್ತದೆ. ನಡುವೆ ಬಿಟ್ಟು ಹೋದವರ ಲೆಕ್ಕವನ್ನು ಮುಚ್ಚಿಡಬಾರದು, ಅವರು ಏಕೆ ಬಿಟ್ಟರು ಎಂಬುದನ್ನೂ ಬರೆಯಬೇಕು. ಕೆಲವರಿಗೆ ಒಂದು ಹಾಡು ತೀರಿಕೊಂಡವರ ನೆನಪು ತಂದು ಸಂಕಟ ಕೊಡುತ್ತದೆ, ಕೆಲವರು ಹಾಡಿಗೆ ಮನಸೋತು ವ್ಯಾಯಾಮ ಬಿಟ್ಟುಬಿಡುತ್ತಾರೆ; ಇವೂ ಚಿಕಿತ್ಸೆಯ ಪರಿಣಾಮಗಳೇ. ಅಧ್ಯಯನ ಶುರುವಾಗುವ ಮೊದಲೇ ಏನನ್ನು ಮುಖ್ಯವಾಗಿ ಅಳೆಯುತ್ತೇವೆ ಎಂದು ಭಾರತೀಯ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ದಾಖಲಿಸಬೇಕು. 2007ರಿಂದ ಇರುವ ಈ ನೋಂದಣಿ ವ್ಯವಸ್ಥೆ 2018ರ ಏಪ್ರಿಲ್‌ನಿಂದ, ಆಗಲೇ ಶುರುವಾದ ಅಧ್ಯಯನಗಳನ್ನು ಸ್ವೀಕರಿಸುವುದಿಲ್ಲ. ಹತ್ತು ಸಂಗತಿ ಅಳೆದು, ಚೆನ್ನಾಗಿ ಬಂದ ಒಂದನ್ನು ಮಾತ್ರ ಮುಂದೆ ತೋರಿಸುವ ಅಭ್ಯಾಸಕ್ಕೆ ಇದೊಂದು ತಡೆ.

ಅಳತೆಯ ಪ್ರಶ್ನೆಗಳು ಕನ್ನಡದಲ್ಲಿರಬೇಕು, ಅದೂ ಜನ ಆಡುವ ಕನ್ನಡದಲ್ಲಿ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರುವುದು, ಮೂಲವನ್ನು ನೋಡದ ಮತ್ತೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿಸುವುದು, ಎರಡನ್ನೂ ಹೋಲಿಸಿ ತಿದ್ದುವುದು, ಆಮೇಲೆ ಕಲಬುರಗಿ, ಮೈಸೂರು, ಮಂಗಳೂರು ಕಡೆಯ ರೋಗಿಗಳ ಮುಂದಿಟ್ಟು ಅವರಿಗೆ ಏನು ಅರ್ಥವಾಯಿತು ಎಂದು ಕೇಳುವುದು ಇದರ ಸರಿಯಾದ ಕ್ರಮ. ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಪ್ರಬಂಧಕ್ಕೆಂದು ತರಾತುರಿಯಲ್ಲಿ ಅನುವಾದ ಮಾಡಿಕೊಳ್ಳುವುದರ ಬದಲು, ವಿಶ್ವವಿದ್ಯಾಲಯವೇ ಒಮ್ಮೆ ಇದನ್ನು ಮಾಡಿ ಎಲ್ಲರಿಗೂ ಉಚಿತವಾಗಿ ಸಿಗುವಂತೆ ಇಡಬೇಕು. ಸೊನ್ನೆಯಿಂದ ಹತ್ತು ಎಂಬ ಮಾಪನವೇ ನಮ್ಮ ಹಿರಿಯರಿಗೆ ಒಗ್ಗುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕಾಗಿದೆ. 1957ರಲ್ಲಿ ನಯಾ ಪೈಸೆ ಬಂದು ಎಷ್ಟೋ ಕಾಲವಾಗಿದ್ದರೂ, ನನ್ನಲ್ಲಿಗೆ ಬರುವ ಎಪ್ಪತ್ತು ದಾಟಿದವರು ಇಂದಿಗೂ ‘ರೂಪಾಯಿದಾಗ ಎಂಟಾಣೆ ಕಡಿಮಿ ಆಗೇತ್ರಿ’ ಎಂದೇ ಹೇಳುತ್ತಾರೆ. ಹತ್ತರಲ್ಲಿ ಎಷ್ಟು ಎಂದು ಕೇಳಿದಾಗ ತಡವರಿಸುವವರು ಆಣೆಯ ಲೆಕ್ಕದಲ್ಲಿ ಥಟ್ಟನೆ ಉತ್ತರಿಸುತ್ತಾರೆ. ಹದಿನಾರು ಆಣೆಯ ಮಾಪನದಲ್ಲಿ ಅವರ ಉತ್ತರ ಬೆಳಿಗ್ಗೆ ಸಂಜೆ ಕೇಳಿದಾಗ ಹೆಚ್ಚು ಸ್ಥಿರವಾಗಿರುತ್ತದೆಯೇ ಎಂಬುದೇ ಒಂದು ಒಳ್ಳೆಯ ಸ್ನಾತಕೋತ್ತರ ಪ್ರಬಂಧದ ವಿಷಯವಾಗಬಲ್ಲದು.

ಇಷ್ಟೆಲ್ಲ ಶಿಸ್ತು ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಆಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕಾಗಿಯೇ ನಾನು ವಿಶ್ವವಿದ್ಯಾಲಯಗಳ ಬಾಗಿಲು ತಟ್ಟುತ್ತಿರುವುದು. ಹತ್ತು ಕಾಲೇಜುಗಳಲ್ಲಿ ಹತ್ತು ವಿದ್ಯಾರ್ಥಿಗಳು ನಲವತ್ತು ನಲವತ್ತು ಜನರನ್ನು ತಮತಮಗೆ ತೋಚಿದಂತೆ ಅಳೆದರೆ ಹತ್ತು ಚಿಕ್ಕ ಪ್ರಬಂಧಗಳಾಗುತ್ತವೆ, ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಲು ಬರುವುದಿಲ್ಲ. ಅದೇ ಹತ್ತು ಜನ ಒಂದೇ ಕ್ರಮದಲ್ಲಿ, ಒಂದೇ ನಮೂನೆಯಲ್ಲಿ, ಮೂರು ತಿಂಗಳವರೆಗೆ ಅಳೆದರೆ 400 ಜನರ ಒಂದು ಅಧ್ಯಯನವಾಗುತ್ತದೆ. ದುಡ್ಡೂ ಹೆಚ್ಚು ಬೇಕಾಗಿಲ್ಲ, ರೋಗಿಗಳೂ ವಿದ್ಯಾರ್ಥಿಗಳೂ ಈಗಾಗಲೇ ಇದ್ದಾರೆ. ಸಂಗೀತ ಮತ್ತು ಮಿದುಳಿನ ಸಂಬಂಧವನ್ನು ಅಭ್ಯಸಿಸುವ ಪ್ರಯೋಗಾಲಯ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೇ ಇರುವುದರಿಂದ ಸಲಹೆಗೆ ದೂರ ಹೋಗಬೇಕಾಗಿಯೂ ಇಲ್ಲ.

ಸಂಗೀತದ ಅನುಭವ ಅಂಕಿಗೆ ಸಿಗುವಂಥದ್ದಲ್ಲ ಎಂದು ಕಲಾವಿದ ಮಿತ್ರರು ನನಗೆ ಹೇಳಿದ್ದಾರೆ. ಅನುಭವ ಅಂಕಿಗೆ ಸಿಗುವುದಿಲ್ಲ ಎಂಬುದು ನಿಜ. ಆದರೆ ಒಂದು ಬಡ ಕುಟುಂಬ ತನ್ನ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ವಾರವಾರವೂ ಒಂದು ಚಿಕಿತ್ಸೆಗೆ ಬರಬೇಕು ಎಂದು ನಾವು ಹೇಳುವಾಗ, ಅದರಿಂದ ಏನಾಗಬಹುದು, ಏನಾಗಲಾರದು ಎಂಬುದನ್ನು ಅವರಿಗೆ ತಿಳಿಸುವ ಹೊಣೆ ನಮ್ಮ ಮೇಲಿದೆ. ನೋವು ನಿವಾರಣೆಯ ಹೆಸರಿನಲ್ಲಿ ಅವರು ಈಗಾಗಲೇ ಎಣ್ಣೆ, ಬೆಲ್ಟು, ಬಳೆ, ಇಂಜೆಕ್ಷನ್ನು ಎಂದು ಸಾಕಷ್ಟು ಕಳೆದುಕೊಂಡಿದ್ದಾರೆ. ಆ ಸಾಲಿಗೆ ಸಂಗೀತವನ್ನು ಸೇರಿಸಲು ನನಗೆ ಮನಸ್ಸಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು: ಎರಡೂ ವಿಶ್ವವಿದ್ಯಾಲಯಗಳ ಅಧ್ಯಾಪಕರು, ಒಬ್ಬ ಸಂಖ್ಯಾಶಾಸ್ತ್ರಜ್ಞರು, ನೋವಿನ ಚಿಕಿತ್ಸೆಯ ವೈದ್ಯರು, ನರ್ಸಿಂಗ್ ಮತ್ತು ಫಿಜಿಯೋಥೆರಪಿಯ ಪ್ರತಿನಿಧಿಗಳು ಇರುವ ಒಂದು ಜಂಟಿ ಸಮಿತಿಯನ್ನು ರಚಿಸಬೇಕು, ದೀರ್ಘಕಾಲದ ನೋವಿನಲ್ಲಿ ಬದುಕುತ್ತಿರುವ ಇಬ್ಬರಾದರೂ ಅದರಲ್ಲಿ ಪೂರ್ಣ ಸದಸ್ಯರಾಗಿರಬೇಕು, ಏಕೆಂದರೆ ಏನನ್ನು ಅಳೆಯಬೇಕು ಎಂಬುದನ್ನು ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಮುಂದಿನ ತಂಡದ ವಿದ್ಯಾರ್ಥಿಗಳು ತಮ್ಮ ಪ್ರಬಂಧದ ಪ್ರಸ್ತಾವವನ್ನು (ಸಿನಾಪ್ಸಿಸ್) ಸಲ್ಲಿಸುವ ಹೊತ್ತಿಗೆ ಸಮಾನ ನಮೂನೆ ಅವರ ಕೈಯಲ್ಲಿರಲಿ. ನಾನು ನನ್ನ ಕ್ಲಿನಿಕ್ಕಿನಲ್ಲಿ ಬಳಸುತ್ತಿರುವ, ರೋಗಿಗಳೇ ಹೆಸರಿಸಿದ ಕೆಲಸಗಳ ಪಟ್ಟಿಯನ್ನು ಅವರ ಹೆಸರು ವಿಳಾಸಗಳನ್ನು ತೆಗೆದು ಸಮಿತಿಗೆ ಒಪ್ಪಿಸಲು ಸಿದ್ಧನಿದ್ದೇನೆ. ಕನ್ನಡದ ಪ್ರಶ್ನೆಗಳನ್ನು ನಮ್ಮ ಭಾಗದ ರೋಗಿಗಳೊಂದಿಗೆ ಪರೀಕ್ಷಿಸುವ ಕೆಲಸವನ್ನೂ ಯಾವ ಸಂಭಾವನೆಯಿಲ್ಲದೆ ಮಾಡಿಕೊಡುತ್ತೇನೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಧಾರವಾಡ ಜಿಲ್ಲೆಯ ಒಬ್ಬ ಫಿಜಿಯೋಥೆರಪಿಸ್ಟ್